‘ಕಾಡುಬೀಜದ ಚಹಾ’ ಕೊಳ್ಳುವ ಮೊದಲು, ಸಕ್ಕರೆ ಮಾತ್ರೆ ತಗೊಳ್ಳುವವರ ಮನೆಯವರು ಓದಿ

ಕುಶಾಲನಗರದಿಂದ ಮಡಿಕೇರಿಗೆ ಹತ್ತುವ ರಸ್ತೆಯುದ್ದಕ್ಕೂ ಏಲಕ್ಕಿ, ಜೇನು, ಹೋಮ್‌ಮೇಡ್ ಚಾಕೊಲೇಟ್ ಮಾರುವ ಅಂಗಡಿಗಳಿವೆಯಲ್ಲ, ಅಂಥದ್ದೊಂದರಲ್ಲಿ ಸಿಕ್ಕಿದ ಪೊಟ್ಟಣದ ಕತೆ ಇದು. ಹೆಸರು ‘ಸಾಂಪ್ರದಾಯಿಕ ಕಾಡುಬೀಜದ ಚಹಾ’. ಸಕ್ಕರೆ, ಬಿಪಿ, ಗ್ಯಾಸ್, ಮಂಡಿನೋವು, ನಿದ್ದೆ ಬಾರದಿರುವುದು, ಎಲ್ಲಕ್ಕೂ ಅದೊಂದೇ ಪುಡಿ.

ಬೆಂಗಳೂರಿನಿಂದ ರಜೆಗೆ ಬಂದ ನಾದಿನಿ ತನ್ನಮ್ಮನಿಗೆ, ಅಂದರೆ ನನ್ನ ಅತ್ತೆಗೆ, ಒಳ್ಳೆಯದಾಗಲಿ ಅಂತ ತಂದುಕೊಟ್ಟಳು. ಕಂದು ಕಾಗದದ ಚೀಲ, ಮುಂದೆ ಹಸಿರು ಎಲೆಯ ಚಿತ್ರ, ‘ಸೈಡ್ ಎಫೆಕ್ಟ್ ಇಲ್ಲವೇ ಇಲ್ಲ’ ಅಂತ ದಪ್ಪಕ್ಷರ. ಹಿಂದೆ ತಿರುಗಿಸಿದರೆ ಮೆಂತ್ಯ, ನೇರಳೆ ಬೀಜ, ಅಗಸೆ, ಓಮ, ಕರಿಜೀರಿಗೆ ‘ಮತ್ತು ಇತರೆ’. ಯಾವುದು ಎಷ್ಟು ಅಂತ ಇಲ್ಲ. ತಯಾರಿಸಿದ ತಾರೀಕಿಲ್ಲ, ಬ್ಯಾಚ್ ನಂಬರಿಲ್ಲ. ಒಂದು ಮೊಬೈಲ್ ನಂಬರ್ ಮಾತ್ರ ಇತ್ತು. ಬೆಳಿಗ್ಗೆ, ಸಂಜೆ ಒಂದೊಂದು ಚಮಚ ಕುದಿಸಿ, ಸೋಸದೆ, ಗಸಿ ಸಮೇತ ಕುಡಿಯಬೇಕಂತೆ.

ಅತ್ತೆ ಎಷ್ಟೋ ವರ್ಷದಿಂದ ಮೆಟ್‌ಫಾರ್ಮಿನ್ ಜೊತೆಗೆ ಗ್ಲಿಮೆಪಿರೈಡ್ ಅನ್ನುವ ಸಕ್ಕರೆ ಕಾಯಿಲೆಯ ಮಾತ್ರೆ ತಗೊಳ್ಳುವವರು. ಕಹಿ ಇದ್ದರೂ ಚಹಾ ಬಿಡಲಿಲ್ಲ. ಹೊಟ್ಟೆ ಭಾರ ಅಂತ ರಾತ್ರಿಯ ಅಕ್ಕಿರೊಟ್ಟಿ ಎರಡರಿಂದ ಅರ್ಧಕ್ಕೆ ಇಳಿಯಿತು. ಆ ತಿಂಗಳ ಟೆಸ್ಟಿನಲ್ಲಿ ಸಕ್ಕರೆಯೂ ಇಳಿದಿತ್ತು. ಅವರಿಗೆ ಖುಷಿಯೋ ಖುಷಿ. ಸ್ವಸಹಾಯ ಸಂಘದ ಹೆಂಗಸರಿಗೆಲ್ಲ ಹೇಳಿ, ಅವರಲ್ಲೂ ಕೆಲವರು ತರಿಸಿಕೊಂಡರು. ಇಳಿಯುತ್ತಿದ್ದ ಸಕ್ಕರೆ ಎಲ್ಲಿ ನಿಲ್ಲುತ್ತದೆ ಅಂತ ಪೊಟ್ಟಣದ ಮೇಲೆ ಬರೆದಿರಲಿಲ್ಲ.

ಜುಲೈ ಮಳೆ, ಕರೆಂಟ್ ಹೋಗಿತ್ತು, ಬೆಳಗಿನ ಜಾವ. ಅತ್ತೆ ಮಂಚದ ಮೇಲೆ ಕೂತು ಸ್ವೆಟರಿನ ಗುಂಡಿಯನ್ನು ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು ಮಾಡುತ್ತಿದ್ದರು. ಆ ಚಳಿಯಲ್ಲಿ ಕುತ್ತಿಗೆ, ಬೆನ್ನೆಲ್ಲ ಬೆವರಿನಿಂದ ತೊಯ್ದಿತ್ತು. ಕೈ ನಡುಗುತ್ತಿತ್ತು. ನನ್ನ ಗಂಡನನ್ನು ತೀರಿಹೋದ ಮಾವನ ಹೆಸರು ಹಿಡಿದು ಕರೆದರು. ಮೊಬೈಲ್ ಬೆಳಕಿನಲ್ಲಿ ಬೆರಳು ಚುಚ್ಚಿ ನೋಡಿದರೆ ಗ್ಲೂಕೋಮೀಟರ್ 43 ತೋರಿಸಿತು. 70ಕ್ಕಿಂತ ಕೆಳಗಿಳಿದರೆ ಕಡಿಮೆ, 54ರ ಕೆಳಗೆ ಹೋದರೆ ಅಪಾಯ. ನುಂಗುವಷ್ಟು ಎಚ್ಚರವಿದ್ದರು, ಪುಣ್ಯ. ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿದೆವು. ಸ್ವಲ್ಪ ಏರಿತು, ಮಾತು ಸರಿಯಾಯಿತು. ಆದರೂ ಜೀಪು ತೆಗೆದು ಹೊರಟದ್ದೇ ಒಳ್ಳೆಯದಾಯಿತು, ಆಸ್ಪತ್ರೆ ಸೇರುವಷ್ಟರಲ್ಲಿ ಮತ್ತೆ ಕುಸಿದಿತ್ತು. ಡ್ರಿಪ್ ಹಾಕಿ ಮಾರನೇ ದಿನದವರೆಗೂ ಬಿಡಲಿಲ್ಲ.

ಡ್ಯೂಟಿ ಡಾಕ್ಟರು ಮೊದಲು ಕೇಳಿದ್ದೇ, “ಮಾತ್ರೆ ಬಿಟ್ಟು ಬೇರೇನು ಕೊಡ್ತಿದ್ದೀರಿ?” ಅಂತ. ಗ್ಲಿಮೆಪಿರೈಡ್ ಹೊಟ್ಟೆಗೆ ಊಟ ಬಿದ್ದಿದೆಯೋ ಇಲ್ಲವೋ ನೋಡುವುದಿಲ್ಲ, ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಅದರ ಕೆಲಸ ಇಡೀ ದಿನ ಇರುವುದರಿಂದಲೇ ಸಕ್ಕರೆ ಒಮ್ಮೆ ಏರಿದರೂ ಮತ್ತೆ ಬೀಳುತ್ತದೆ. ಮೆಂತ್ಯದ ನಾರು ಕರುಳಿನಲ್ಲಿ ಸಕ್ಕರೆ ಹೀರುವುದನ್ನು ನಿಧಾನ ಮಾಡುತ್ತದೆ, ತಾನೂ ಸಕ್ಕರೆ ಇಳಿಸುತ್ತದೆ. ಮಾತ್ರೆ ಅಷ್ಟೇ, ಊಟ ಅರ್ಧ, ಮೇಲಿಂದ ಚಮಚಗಟ್ಟಲೆ ಪುಡಿ. ಸಾರಿನ ಒಗ್ಗರಣೆಗೆ ಬೀಳುವ ನಾಲ್ಕು ಕಾಳಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ.

ಆ ‘ಇತರೆ’ ಏನು ಅಂತ ಡಾಕ್ಟರಿಗೂ ಗೊತ್ತಾಗಲಿಲ್ಲ. ಗಿಡಮೂಲಿಕೆ ಅಂತ ಮಾರುವ ಸಕ್ಕರೆ ಕಾಯಿಲೆಯ ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡ್‌ನಂಥ ಇಂಗ್ಲಿಷ್ ಮಾತ್ರೆಯನ್ನೇ ಅರೆದು ಸೇರಿಸಿದ್ದು ಬೇರೆ ಬೇರೆ ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಈ ಪೊಟ್ಟಣದಲ್ಲಿ ಇತ್ತು ಅಂತ ನಾನು ಹೇಳುತ್ತಿಲ್ಲ. ಇಲ್ಲ ಅಂತ ಹೇಳಲು ಮಾರಿದವನ ಹತ್ತಿರವೂ ಒಂದು ಲ್ಯಾಬ್ ಕಾಗದ ಇರಲಿಲ್ಲ.

ಫೋನ್ ಮಾಡಿ ಆಸ್ಪತ್ರೆ ಸೇರಿಸಿದ್ದೇವೆ ಅಂದರೆ ಅವನು ಹೇಳಿದ್ದು ಕೇಳಿ: “ಹಾಗೆ ಆಗ್ತದೆ ಅಕ್ಕಾ, ಒಳಗಿನ ವಿಷ ಹೊರಗೆ ಹೋಗುವಾಗ ಬೆವರು ಬರ್ತದೆ. ನಿಲ್ಲಿಸಬೇಡಿ, ಇನ್ನೊಂದು ವಾರ ಕೊಡಿ.” ಇನ್ನೊಂದು ವಾರ! ಇಷ್ಟೆಲ್ಲ ಬರೆಯುತ್ತಿರುವುದೇ ಈ ಒಂದು ಮಾತಿಗೆ. ಇದನ್ನು ನಂಬಿ ಮುಂದುವರಿಸುವವರು ಖಂಡಿತ ಇರುತ್ತಾರೆ.

ಕೊಡಗಿನ ಸಂಪ್ರದಾಯ ಅಂತ ಬೇರೆ ಹೇಳುತ್ತಾರೆ. ನಮ್ಮಲ್ಲಿ ಮದ್ದುಸೊಪ್ಪು ಅನ್ನುವ ಗಿಡ ಇದೆ. ನಮ್ಮ ಮಳೆಗಾಲದ ತಿಂಗಳು ಕಕ್ಕಡದ 18ಕ್ಕೆ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಅದರ ನೇರಳೆ ಬಣ್ಣದ ರಸದಲ್ಲಿ ಪಾಯಸ ಮಾಡಿ ತಿನ್ನುತ್ತೇವೆ, ಮಾರನೇ ದಿನ ಮೂತ್ರ ಕೆಂಪಾದರೆ ಹೆದರಬೇಡಿ ಅಂತ ಹಿರಿಯರು ಮಕ್ಕಳಿಗೆ ಮೊದಲೇ ಹೇಳಿರುತ್ತಾರೆ. ಯಾವ ಗಿಡ, ಯಾವ ದಿನ, ತಿಂದರೆ ಏನಾಗುತ್ತದೆ, ಎಲ್ಲ ಗೊತ್ತಿದ್ದು ತಿನ್ನುವುದು. ವರ್ಷವಿಡೀ ಎರಡು ಹೊತ್ತು ಕುಡಿಯುವ ಬೀಜದ ಚಹಾವನ್ನು ನನ್ನ ಅಜ್ಜಿಯೂ ಕಂಡಿರಲಿಲ್ಲ, ಅವರು ಕುಡಿದದ್ದು ಬೆಲ್ಲದ ಕಾಫಿ.

ಪೊಟ್ಟಣ ಕೈಗೆ ತಗೊಂಡರೆ ಇಷ್ಟು ನೋಡಿ. ಆಹಾರ ಅಂತ ಮಾರಿದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಇರಬೇಕು. ಆಯುರ್ವೇದ ಔಷಧಿ ಅಂದರೆ ತಯಾರಿಕೆಯ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ ಇರಬೇಕು. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದಕ್ಕೆ 1954ರ ಕಾಯ್ದೆಯಲ್ಲೇ ನಿಷೇಧವಿದೆ, ಆ ಬೋರ್ಡು ಕಂಡರೆ ಒಳಗೆ ಹೋಗುವುದೇ ಬೇಡ. ರಕ್ತ ತೆಳು ಮಾಡುವ ವಾರ್ಫರಿನ್ ತಗೊಳ್ಳುವವರು, ಬಸುರಿಯರು ಇಂಥ ಮೆಂತ್ಯದ ಪುಡಿಯ ತಂಟೆಗೆ ಹೋಗಬಾರದು. ಥೈರಾಯ್ಡ್ ಮಾತ್ರೆಯ ಜೊತೆಗೇ ಅಗಸೆಯಂಥ ನಾರಿನ ಪುಡಿ ಕುಡಿದರೆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕಡಲೆಕಾಯಿ, ಕಡಲೆ ಆಗದವರಿಗೆ ಮೆಂತ್ಯವೂ ಅಲರ್ಜಿ ಆಗಬಹುದು, ಮೂರೂ ಒಂದೇ ಕುಟುಂಬದ ಗಿಡಗಳು.

ಬೆವರು, ನಡುಕ, ತೊದಲು ಮಾತು ಕಂಡರೆ ಸಕ್ಕರೆ ನೀರು ಕೊಡಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಸರಿಹೋಯಿತು ಅನ್ನಿಸಿದರೂ ಆಸ್ಪತ್ರೆಗೆ ಹೋಗಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. ಸಿಟ್ಟಿಗೆ ಪೊಟ್ಟಣವನ್ನು ಒಲೆಗೆ ಎಸೆಯಬೇಡಿ, ನಾದಿನಿ ಅದನ್ನೇ ಮಾಡಲು ಹೊರಟಿದ್ದಳು. ಉಳಿದ ಪುಡಿ ಸಮೇತ ಕಟ್ಟಿಟ್ಟು, ಹಣ ಕಳಿಸಿದ ಸ್ಕ್ರೀನ್‌ಶಾಟ್ ಜೊತೆಗೆ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ. ನಾವು ಕೊಟ್ಟಿದ್ದೇವೆ.