ನಾಲ್ಕು ವರ್ಷ ನನ್ನದೇ ಸದ್ದು ಹಾಕಿ ನುಡಿಸಿದ ಮೇಲೆ: ಡ್ರಮ್ ಮಾಡ್ಯೂಲ್‌ನ ಸ್ಯಾಂಪಲ್ ಸೌಲಭ್ಯ

ನನ್ನ ಎಲೆಕ್ಟ್ರಾನಿಕ್ ಡ್ರಮ್ ಕಿಟ್‌ಗೆ ನಾಲ್ಕು ವರ್ಷ ತುಂಬಿತು. ಮೆಶ್ ಹೆಡ್ (ಬಲೆಯಂಥ ಬಟ್ಟೆಯ ಹೊದಿಕೆ) ಪ್ಯಾಡುಗಳಿರುವ ಮಧ್ಯಮ ದರ್ಜೆಯ ಕಿಟ್. ಪ್ಯಾಡುಗಳ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ, ಗಟ್ಟಿಯಾಗಿವೆ, ಇಲ್ಲಿಯವರೆಗೆ ಒಂದೇ ಒಂದು ಹೆಡ್ ಬದಲಿಸಿದ್ದೇನೆ. ನಾನು ಬರೆಯುತ್ತಿರುವುದು ಮಾಡ್ಯೂಲ್‌ನಲ್ಲಿರುವ, ಅಂದರೆ ಪ್ಯಾಡಿಗೆ ಹೊಡೆದಾಗ ಸದ್ದು ಹೊರಡಿಸುವ ಪೆಟ್ಟಿಗೆಯಲ್ಲಿರುವ, ಒಂದು ಸೌಲಭ್ಯದ ಬಗ್ಗೆ: ನಾವೇ ರೆಕಾರ್ಡ್ ಮಾಡಿದ ಸದ್ದನ್ನು (ಇದೇ ಸ್ಯಾಂಪಲ್) ಪೆನ್ ಡ್ರೈವ್‌ನಿಂದ ಒಳಗೆ ಹಾಕಿ ಪ್ಯಾಡಿಗೆ ಕೂರಿಸುವುದು. ಕೊಳ್ಳುವಾಗ ಇದನ್ನು ನಾನು ಗಮನಿಸಿಯೇ ಇರಲಿಲ್ಲ. ಈಗ ಈ ಕಿಟ್ಟನ್ನು ಮಾರದೆ ಇಟ್ಟುಕೊಂಡಿರುವುದೇ ಇದಕ್ಕೋಸ್ಕರ.

ಮಾಡ್ಯೂಲ್ ಜೊತೆ ಬಂದ ಸದ್ದುಗಳು ಕೆಟ್ಟದಾಗೇನೂ ಇಲ್ಲ. ಆದರೆ ನನ್ನ ಕಿವಿಯಲ್ಲಿ ಬೇರೆ ಒಂದು ಸ್ನೇರ್ (ಕೆಳಗೆ ತಂತಿಗಳಿರುವ ಡ್ರಮ್) ಕೂತಿತ್ತು. ಗೆಳೆಯನ ಹಳೆಯ ಮರದ ಸ್ನೇರ್, 14 ಇಂಚಿನದು. ಮೆಲ್ಲಗೆ ತಟ್ಟಿದರೆ ಕೆಳಗಿನ ತಂತಿಗಳು ಮಾತ್ರ ಸರ್ ಅನ್ನುತ್ತವೆ. ಇನ್ನೂ ಸ್ವಲ್ಪ ಜೋರಾದರೆ ಮರದ ಸದ್ದು ಮೇಲೆ ಬರುತ್ತದೆ. ಅದನ್ನು ನನ್ನ ಪ್ಯಾಡಿಗೆ ತರಬೇಕು ಅನ್ನೋ ಆಸೆಯಿಂದ ಎಲ್ಲ ಶುರುವಾಯಿತು.

ಮೊದಲ ಸಲ ನಾಲ್ಕೈದು ಏಟು ರೆಕಾರ್ಡ್ ಮಾಡಿ, ಅದರಲ್ಲಿ ಜೋರಾಗಿ ಬಂದ ಒಂದನ್ನು ಆರಿಸಿ ಪ್ಯಾಡಿಗೆ ಹಾಕಿದೆ. ಜೋರಾಗಿ ಹೊಡೆದಾಗ ಅದೇ ಸ್ನೇರ್! ಮೆಲ್ಲಗೆ ಹೊಡೆದಾಗ ಮಾತ್ರ ಯಾರೋ ಪಕ್ಕದ ಕೋಣೆಯಲ್ಲಿ ಜೋರಾಗಿ ಹೊಡೆದ ಹಾಗೆ ಕೇಳಿಸಿತು. ಮೆಲ್ಲನೆಯ ಏಟು ಅಂದರೆ ವಾಲ್ಯೂಮ್ ಇಳಿಸಿದ ಜೋರು ಏಟಲ್ಲ. ಅದರ ಬಣ್ಣವೇ ಬೇರೆ. ಅದನ್ನು ಬೇರೆಯಾಗಿಯೇ ರೆಕಾರ್ಡ್ ಮಾಡಬೇಕು. ಈ ಕೆಲಸಕ್ಕೆ ಕೈ ಹಾಕುವವರಿಗೆಲ್ಲ ನಾನು ಮೊದಲು ಹೇಳುವ ಮಾತು ಇದು: ಜೋರು ಏಟಿಗಿಂತ ಮೆಲ್ಲನೆಯ ಏಟುಗಳ ಮೇಲೆ ಹೆಚ್ಚು ಹೊತ್ತು ಕಳೆಯಿರಿ.

ಎರಡನೇ ಸಲ ಒಂದು ಇಡೀ ರಾತ್ರಿ ಕೂತೆವು. ಗೋಡೆಗಳಿಗೆ ದಪ್ಪ ಕಂಬಳಿ ತೂಗುಹಾಕಿ, ಫ್ಯಾನ್ ಆಫ್ ಮಾಡಿ, ಟಾಮ್‌ಗಳನ್ನೆಲ್ಲ (ಕಿಟ್‌ನ ತಂತಿಯಿಲ್ಲದ ಬೇರೆ ಡ್ರಮ್ಮುಗಳು) ಹೊರಗಿಟ್ಟೆವು. ಒಂದು ಡೈನಮಿಕ್ ಮೈಕ್ ಸ್ನೇರಿನ ಅಂಚಿನ ರಿಮ್ ಹತ್ತಿರ, ಇನ್ನೊಂದು ಕಂಡೆನ್ಸರ್ ಮೈಕ್ ಒಂದು ಮೀಟರ್ ಮೇಲೆ. ರೆಕಾರ್ಡಿಂಗ್ 24 ಬಿಟ್‌ನಲ್ಲಿ (ಬಿಟ್ ಹೆಚ್ಚಾದಷ್ಟು ಸದ್ದಿನ ವಿವರ ಹೆಚ್ಚು). ಅತಿ ಜೋರಿನ ಏಟಿಗೂ ಸದ್ದಿನ ಮಟ್ಟ ತೋರಿಸುವ ಮೀಟರ್ ಮೈನಸ್ 6 ಡಿಬಿ ದಾಟದ ಹಾಗೆ ಗೇನ್ (ಮೈಕಿನ ಸದ್ದನ್ನು ಎಷ್ಟು ಏರಿಸಬೇಕು ಅನ್ನುವುದು) ಇಟ್ಟು, ಆಮೇಲೆ ಅದನ್ನು ಮುಟ್ಟಲೇ ಇಲ್ಲ. ಗೆಳೆಯ ಹೊಡೆದ, ನಾನು ಎಣಿಸಿದೆ. ಬರೀ ಸ್ಟಿಕ್ಕಿನ ತೂಕ ಬೀಳಿಸುವ ಏಟಿನಿಂದ ಶುರು ಮಾಡಿ 60 ಏಟು. ಪ್ರತಿ ಏಟಿನ ಸದ್ದು ಪೂರ್ತಿ ಆರುವವರೆಗೆ ಇಬ್ಬರೂ ಉಸಿರು ಬಿಗಿಹಿಡಿದು ಕೂರಬೇಕು. ಕುರ್ಚಿ ಕಿರ್ ಅಂದರೂ ಆ ಏಟು ಹೋಯಿತು ಅಂತಲೇ ಲೆಕ್ಕ.

ಎರಡು ಮೈಕ್ ಬಳಸುವವರಿಗೆ ಒಂದು ಮಾತು. ಸದ್ದು ಗಾಳಿಯಲ್ಲಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಹಾಗಾಗಿ ಒಂದು ಮೀಟರ್ ಮೇಲಿನ ಮೈಕ್‌ಗೆ ಅದು ಸುಮಾರು 3 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಹಾಗೇ ಬೆರೆಸಿದರೆ ಸ್ನೇರ್ ತೆಳ್ಳಗಾಗುತ್ತದೆ. ಮೇಲಿನ ಟ್ರ್ಯಾಕನ್ನು ಅಷ್ಟು ಹಿಂದಕ್ಕೆ ಸರಿಸಿ ಎರಡನ್ನೂ ಕೂಡಿಸಿದ ಗಳಿಗೆಯಲ್ಲಿ ಮರದ ದನಿ ವಾಪಸ್ ಬಂತು. ನನಗೆ ಅವತ್ತು ಆದ ಖುಷಿ ಈಗಲೂ ನೆನಪಿದೆ.

ಕತ್ತರಿಸುವ ಕೆಲಸಕ್ಕೆ ನಾನು ಬಳಸುವುದು ಉಚಿತವಾಗಿ ಸಿಗುವ ಆಡಾಸಿಟಿ ಅನ್ನುವ ಸಾಫ್ಟ್‌ವೇರ್. ಇಲ್ಲಿ ಆತುರ ಬೇಡ. ನನ್ನ ಮೊದಲ ಫೈಲ್‌ಗಳಲ್ಲಿ ಏಟಿಗೆ ಮುಂಚೆ 12 ಮಿಲಿಸೆಕೆಂಡ್ ಖಾಲಿ ಉಳಿದಿತ್ತು. ಕಣ್ಣಿಗೆ ಅದು ಕಾಣುವುದೇ ಇಲ್ಲ. ಆದರೆ ನುಡಿಸುವಾಗ ಸ್ನೇರನ್ನು ನಾಲ್ಕು ಮೀಟರ್ ದೂರ ಇಟ್ಟು ಹೊಡೆದಷ್ಟು ತಡ. ಮಾಡ್ಯೂಲ್ ತಾನೇ ತೆಗೆದುಕೊಳ್ಳುವ ಕೆಲವು ಮಿಲಿಸೆಕೆಂಡ್ ಅದರ ಮೇಲೆ ಸೇರುತ್ತದೆ. ನನ್ನ ಕೈಯೇ ಹಿಂದೆ ಬೀಳುತ್ತಿದೆ ಅಂದುಕೊಂಡು ಎರಡು ವಾರ ಮೆಟ್ರೋನೋಮ್ ಹಾಕಿ ಅಭ್ಯಾಸ ಮಾಡಿದ್ದೆ. ತಪ್ಪು ಫೈಲಿನಲ್ಲಿತ್ತು. ಈಗ ಪರದೆಯಲ್ಲಿ ಕಾಣುವ ಸದ್ದಿನ ಅಲೆಯನ್ನು ಪೂರ್ತಿ ದೊಡ್ಡದು ಮಾಡಿಕೊಂಡು, ಅದು ಮಧ್ಯದ ಗೆರೆಯನ್ನು ದಾಟಿ ಏಳುವ ಜಾಗದಲ್ಲೇ ಕತ್ತರಿಸುತ್ತೇನೆ. ಗೆರೆಯ ಮೇಲಲ್ಲದೆ ಬೇರೆ ಕಡೆ ಕತ್ತರಿಸಿದರೆ ಶುರುವಿನಲ್ಲೇ ಟಿಕ್ ಅನ್ನುತ್ತದೆ. ಅಲೆಯ ತುತ್ತತುದಿ ನೋಡಿ ಕತ್ತರಿಸಿದರೆ ಸ್ಟಿಕ್ ತಾಗುವ ಮೊದಲ ಸದ್ದೇ ಹೋಗುತ್ತದೆ.

ಇನ್ನು ವೆಲಾಸಿಟಿ. ಹೊಡೆದ ಬಿರುಸಿಗೆ ತಕ್ಕಂತೆ ಪ್ಯಾಡ್ 1ರಿಂದ 127ರೊಳಗೆ ಒಂದು ಅಂಕಿ ಕಳಿಸುತ್ತದೆ. ನನ್ನ ಮಾಡ್ಯೂಲ್‌ನಲ್ಲಿ ಒಂದು ಪ್ಯಾಡಿಗೆ ನಾಲ್ಕು ಲೇಯರ್, ಅಂದರೆ ಬೇರೆ ಬೇರೆ ಬಿರುಸಿಗೆ ನಾಲ್ಕು ಸ್ಯಾಂಪಲ್, ಕೊಡಬಹುದು, ಯಾವ ಅಂಕಿಯಿಂದ ಯಾವ ಅಂಕಿಯವರೆಗೆ ಯಾವ ಸ್ಯಾಂಪಲ್ ಅಂತ ನಾವೇ ಹೇಳಬಹುದು. ಇಲ್ಲಿ ನಾನು ತುಂಬ ದಿನ ಒದ್ದಾಡಿದೆ. ರೆಕಾರ್ಡಿಂಗ್‌ನಲ್ಲಿ ಮೆಲ್ಲನೆಯ ಏಟು ಮೊದಲೇ ಮೆಲ್ಲಗಿದೆ. ಮಾಡ್ಯೂಲ್ ವೆಲಾಸಿಟಿ ನೋಡಿ ಅದನ್ನು ಮತ್ತೆ ಇಳಿಸುತ್ತದೆ. ಎರಡು ಸಲ ಇಳಿದು, ಮೆಲ್ಲನೆಯ ಏಟುಗಳು ಕೇಳಿಸದೇ ಹೋದವು. ಸರಿ ಅಂತ ಎಲ್ಲವನ್ನೂ ನಾರ್ಮಲೈಸ್ ಮಾಡಿದರೆ, ಅಂದರೆ ಒಂದೇ ಮಟ್ಟದ ಜೋರಿಗೆ ಏರಿಸಿದರೆ, ಇನ್ನೊಂದು ತೊಂದರೆ. ಒಂದು ಲೇಯರ್‌ನಿಂದ ಇನ್ನೊಂದಕ್ಕೆ ದಾಟುವ ಜಾಗದಲ್ಲಿ ಸದ್ದು ಜಿಗಿಯುತ್ತದೆ. ಕೊನೆಗೆ ಸರಿಹೋಗಿದ್ದು ಹೀಗೆ: ಪ್ಯಾಡಿನ ವೆಲಾಸಿಟಿ ಪ್ರಭಾವವನ್ನು ಅರ್ಧಕ್ಕೆ ಇಳಿಸಿದೆ, ಕೆಳಗಿನ ಎರಡು ಲೇಯರ್‌ಗಳನ್ನು ಮಾತ್ರ ಕಿವಿಯಿಂದ ಕೇಳಿ ಸ್ವಲ್ಪ ಸ್ವಲ್ಪ ಏರಿಸಿದೆ. ನಿಮ್ಮ ಮಾಡ್ಯೂಲ್‌ನಲ್ಲಿ ಆ ಸೆಟ್ಟಿಂಗ್ ಇದೆಯಾ ಅಂತ ಕೊಳ್ಳುವ ಮುಂಚೆಯೇ ನೋಡಿ. ಸ್ಯಾಂಪಲ್ ಹಾಕಬಹುದು ಅನ್ನುವುದಕ್ಕಿಂತ ಇದೇ ದೊಡ್ಡ ವಿಷಯ.

ಒಂದೇ ಸ್ಯಾಂಪಲ್ ಪಟಪಟನೆ ಮರಳಿ ಬಂದರೆ ಮೆಷಿನ್ ಗನ್ ಹಾಗೆ ಕೇಳಿಸುತ್ತದೆ, ಅಲ್ವಾ? ಕಂಪ್ಯೂಟರ್ ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ರೌಂಡ್ ರಾಬಿನ್ ಇರುತ್ತದೆ, ಪ್ರತಿ ಏಟಿಗೂ ಬೇರೆ ಫೈಲ್. ನನ್ನ ಮಾಡ್ಯೂಲ್‌ನಲ್ಲಿ ಅದಿಲ್ಲ. ನಾನು ಮಾಡಿಕೊಂಡ ಉಪಾಯ: ಒಂದೇ ಬಿರುಸಿನ ಎರಡು ಏಟುಗಳನ್ನು ಅಕ್ಕಪಕ್ಕದ ಲೇಯರ್‌ಗಳಲ್ಲಿ, 70ರಿಂದ 84 ಮತ್ತು 85ರಿಂದ 99, ಹೀಗೆ ಕೂರಿಸಿದೆ. ಕೈ ಎಂದೂ ಎರಡು ಸಲ ಒಂದೇ ತರ ಬೀಳುವುದಿಲ್ಲವಲ್ಲ, ಹಾಗಾಗಿ ಎರಡೂ ತಾವಾಗಿಯೇ ಬದಲಾಗುತ್ತಾ ಬರುತ್ತವೆ. ರೋಲ್‌ನಲ್ಲಿ ತುಂಬ ವ್ಯತ್ಯಾಸ ಕಾಣಿಸಿತು.

ಒಳ್ಳೆ ಮೈಕ್ ಇಲ್ಲ ಅಂತ ಹಿಂಜರಿಯುವವರು 80ರ ದಶಕದ ಯಂತ್ರಗಳನ್ನು ನೆನಪಿಸಿಕೊಳ್ಳಿ. ನಿಜವಾದ ಡ್ರಮ್ಮಿನ ಡಿಜಿಟಲ್ ಸ್ಯಾಂಪಲ್ ಇಟ್ಟುಕೊಂಡು ಬಂದ ಮೊದಲ ಡ್ರಮ್ ಮಷೀನ್ ರೋಜರ್ ಲಿನ್ ಅವರ ಎಲ್‌ಎಂ-1, 1980ರದ್ದು. ಮೆಮೊರಿ ಚಿಪ್ ಅಷ್ಟು ದುಬಾರಿ ಅಂತ ಅದರಲ್ಲಿ ಕ್ರ್ಯಾಶ್, ರೈಡ್ ಅನ್ನುವ ಲೋಹದ ತಟ್ಟೆಗಳ ಸದ್ದು ಎರಡೂ ಇರಲಿಲ್ಲ. 1987ರ ಇ-ಮು ಎಸ್‌ಪಿ-1200ರಲ್ಲಿ 12 ಬಿಟ್, ಎಲ್ಲ ಸೇರಿ ಬರೀ 10 ಸೆಕೆಂಡಿನ ಜಾಗ. ಅದರ ಒರಟು ಸದ್ದನ್ನು ಜನ ಇವತ್ತಿಗೂ ಇಷ್ಟಪಟ್ಟು ಹುಡುಕುತ್ತಾರೆ. ನಾನು ಕೂಡ ಕಬ್ಬಿಣದ ಗೇಟಿನ ಏಟೊಂದನ್ನು ಮೊಬೈಲಿನಲ್ಲಿ ಹಿಡಿದು ಟಾಮ್ ಪ್ಯಾಡಿಗೆ ಹಾಕಿದ್ದೇನೆ. ಅದು ನನ್ನ ಅಚ್ಚುಮೆಚ್ಚಿನ ಸದ್ದುಗಳಲ್ಲಿ ಒಂದು.

ಹಾಯ್-ಹ್ಯಾಟ್ (ಪೆಡಲ್ ಒತ್ತಿ ಮುಚ್ಚುವ, ಬಿಟ್ಟು ತೆರೆಯುವ ಜೋಡಿ ತಟ್ಟೆ) ವಿಷಯದಲ್ಲಿ ಸೋತೆ. ಪೂರ್ತಿ ಮುಚ್ಚಿದ್ದು, ಪೂರ್ತಿ ತೆರೆದದ್ದು ಸುಲಭ. ಪೆಡಲ್ ಅರ್ಧ, ಕಾಲು ಭಾಗ ಒತ್ತಿದಾಗ ಎರಡು ತಟ್ಟೆಗಳು ಒಂದಕ್ಕೊಂದು ಉಜ್ಜುವ ಸದ್ದು ಇದೆಯಲ್ಲ, ಅದಕ್ಕೆ ನಮ್ಮ ಸ್ಯಾಂಪಲ್ ಹಾಕಲು ಈ ಮಾಡ್ಯೂಲ್‌ನಲ್ಲಿ ದಾರಿಯೇ ಇಲ್ಲ. ಅದು ತೆರೆದ ಸದ್ದನ್ನೇ ಬೇಗ ಆರಿಸಿ ಬಿಡುತ್ತದೆ, ಅಷ್ಟೆ. ನಾನು ಕಂಪನಿಯ ಹಾಯ್-ಹ್ಯಾಟ್ ಸದ್ದನ್ನೇ ಉಳಿಸಿಕೊಂಡೆ, ನೀವೂ ಹಾಗೇ ಮಾಡಿ. ಕ್ರ್ಯಾಶ್ ಪರವಾಗಿಲ್ಲ, ಆದರೆ ಬಾಲವನ್ನು ಮೂರು ಸೆಕೆಂಡಿಗೆ ಕತ್ತರಿಸಬೇಡಿ. ಹತ್ತು ಸೆಕೆಂಡ್ ಬಿಟ್ಟು ನಿಧಾನವಾಗಿ ಫೇಡ್ ಕೊಡಿ. ಸ್ಟೀರಿಯೋದಲ್ಲೂ ಅದು ಎರಡು ಎಂಬಿಗಿಂತ ಕಡಿಮೆ.

ಸಿಟ್ಟು ಬರಿಸಿದ ಸಂಗತಿಗಳೂ ಇವೆ. ಮಾಡ್ಯೂಲ್ 16 ಬಿಟ್, 44.1 ಕಿಲೋಹರ್ಟ್ಜ್ ವೇವ್ ಫೈಲ್ ಮಾತ್ರ ಓದುತ್ತದೆ. 24 ಬಿಟ್ ಫೈಲ್ ಪಟ್ಟಿಯಲ್ಲಿ ಕಾಣುತ್ತದೆ, ಹೊಡೆದರೆ ಸದ್ದಿಲ್ಲ, ಯಾಕೆ ಅಂತ ಒಂದು ಸಾಲೂ ತೋರಿಸುವುದಿಲ್ಲ. ಕನ್ನಡದಲ್ಲಿ ಹೆಸರು ಕೊಟ್ಟರೆ ಬರೀ ಚೌಕಗಳು. ಇವನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಎರಡನೇ ವರ್ಷ ಆಯಿತು: ಫರ್ಮ್‌ವೇರ್ (ಮಾಡ್ಯೂಲ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದಾಗ ನಾನು ಹಾಕಿದ್ದ ಎಲ್ಲ ಸ್ಯಾಂಪಲ್‌ಗಳೂ, ಲೇಯರ್ ಅಂಕಿಗಳೂ ಅಳಿಸಿ ಹೋದವು. ಪರದೆಯಲ್ಲಿ ಎಚ್ಚರಿಕೆ ಬಂದಿರಲಿಲ್ಲ. ಫೈಲ್‌ಗಳ ಪ್ರತಿ ಕಂಪ್ಯೂಟರಿನಲ್ಲಿ ಇತ್ತು. ಅಂಕಿಗಳು ಎಲ್ಲೂ ಇರಲಿಲ್ಲ. ಮೂರು ಸಂಜೆ ಕೂತು ಮತ್ತೆ ಹೊಂದಿಸಿದೆ. ಆವತ್ತಿನಿಂದ ಪ್ರತಿ ಪ್ಯಾಡಿನ ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಡುತ್ತೇನೆ.

ದಿನನಿತ್ಯ ನುಡಿಸುವಾಗ ಹೆಚ್ಚು ಉಪಯೋಗವಾದದ್ದು ಮಾತ್ರ ನಾನು ನೆನೆಸದ ಒಂದು ದಾರಿ. ಪೂರ್ತಿ ಸ್ನೇರ್ ಬದಲಿಸುವ ಬದಲು, ಕಂಪನಿಯ ಸದ್ದಿನ ಕೆಳಗೆ ನನ್ನ ರೆಕಾರ್ಡಿಂಗ್‌ನ ತಂತಿಯ ಸರಸರ ಮಾತ್ರ ತೆಳ್ಳಗೆ ಸೇರಿಸಿದೆ. ಕಾಲಿನಿಂದ ನುಡಿಸುವ ಕಿಕ್ ಡ್ರಮ್‌ಗೂ ಅಷ್ಟೆ: ಮರದ ಹಲಗೆಗೆ ಹೊಡೆದ ಒಂದು ಸಣ್ಣ ಟಕ್, ಮೇಲೆ. ಹತ್ತು ನಿಮಿಷದ ಕೆಲಸ, ಕಿಟ್ ನನ್ನದಾಯಿತು. ಹೊಸಬರು ಇಲ್ಲಿಂದಲೇ ಶುರು ಮಾಡಿ. ಬೇರೆಯವರ ರೆಕಾರ್ಡಿಂಗ್‌ನಿಂದ ಏಟು ಕಿತ್ತು ಹಾಕುವುದಾದರೆ ಅವರ ಒಪ್ಪಿಗೆ ಕೇಳಿ.

ಬರೀ ಮನೆಯಲ್ಲಿ ರೆಕಾರ್ಡ್ ಮಾಡುವವರಾದರೆ ಕಂಪ್ಯೂಟರ್ ಸಾಫ್ಟ್‌ವೇರ್ ಇದಕ್ಕಿಂತ ಎಷ್ಟೋ ಮುಂದಿದೆ, ಸುಮ್ನೆ ಮಾಡ್ಯೂಲ್ ಬದಲಿಸಬೇಡಿ. ವೇದಿಕೆಯಲ್ಲಿ ಸ್ವಿಚ್ ಒತ್ತಿ ಕೂಡಲೇ ನುಡಿಸಬೇಕು, ಆದರೂ ಸದ್ದು ನನ್ನದೇ ಇರಬೇಕು ಅನ್ನುವವರಿಗೆ ಈ ಸೌಲಭ್ಯ ಬೇಕೇ ಬೇಕು.

ಕಳೆದ ತಿಂಗಳು ಗೆಳೆಯನ ಸ್ನೇರಿನ ಮರ ಬಿರುಕು ಬಿಟ್ಟಿತು. ಅವನು ಮನೆಗೆ ಬಂದಾಗ ಏನೂ ಹೇಳದೆ ಸ್ಟಿಕ್ ಕೊಟ್ಟೆ. ಅವನು ಜೋರಾಗಿ ಹೊಡೆಯಲಿಲ್ಲ. ಪ್ಯಾಡಿನ ಅಂಚಿನಲ್ಲಿ ಸ್ಟಿಕ್ ತುದಿಯಿಂದ ತುಂಬ ಹೊತ್ತು ಮೆಲ್ಲಗೆ ತಟ್ಟುತ್ತಾ ಕೂತಿದ್ದ. ಮುಂದಿನ ವಾರ ಅವನ ಫ್ಲೋರ್ ಟಾಮ್ ತರುತ್ತಾನಂತೆ. ಕಂಬಳಿಗಳನ್ನು ತೆಗೆದಿಟ್ಟಿದ್ದೇನೆ.