350 ರೂಪಾಯಿಯ ಕ್ಯಾಲಿಪರ್, 220 ರೂಪಾಯಿಯ ಲೆನ್ಸ್ ಮತ್ತು ಕಾವೇರಿಯ ಕಪ್ಪೆಚಿಪ್ಪು

ಆನ್‌ಲೈನ್‌ನಲ್ಲಿ ಎರಡು ಸಾಮಾನು ತರಿಸಿದ್ದೆ. ಒಂದು 350 ರೂಪಾಯಿಯ ಡಿಜಿಟಲ್ ಕ್ಯಾಲಿಪರ್, ಎರಡು ದವಡೆಯ ನಡುವೆ ಹಿಡಿದು ಅಳತೆ ತೋರಿಸುವಂಥದ್ದು. ಇನ್ನೊಂದು 220 ರೂಪಾಯಿಯ ಮಡಚುವ ಲೆನ್ಸ್, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವಂಥದ್ದು. ಎರಡೂ ಒಂದೇ ಕೆಲಸಕ್ಕೆ: ಕಾವೇರಿ ದಂಡೆಯಲ್ಲಿ ಸಿಗುವ ಕಪ್ಪೆಚಿಪ್ಪು ಯಾವ ಜಾತಿಯದು ಅಂತ ತಿಳಿಯುವುದಕ್ಕೆ. ಸಂಕ್ರಾಂತಿ ಕಳೆದು ನೀರು ಇಳಿದಾಗಿನಿಂದ ಪ್ರತಿ ಭಾನುವಾರ ಕಣಿವೆ ಅನ್ನುವ ಊರಿನ ತೂಗುಸೇತುವೆ ಕಡೆ ಇವನ್ನು ಹೊತ್ತುಕೊಂಡು ಹೋಗುತ್ತಿದ್ದೆ.

ನಾನು ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುವವನು. ನಮ್ಮಲ್ಲಿ ಎಲ್ಲಾ ಜರಡಿಯ ಲೆಕ್ಕ. ದೊಡ್ಡ ತೂತಿನ ಜರಡಿ ಮೇಲೆ ನಿಂತ ಬೀಜ ಎಎ, ಅದರ ಕೆಳಗಿನದರಲ್ಲಿ ನಿಂತರೆ ಎ, ಆಮೇಲೆ ಬಿ. ಕಪ್ಪೆಚಿಪ್ಪಿಗೂ ಹಾಗೇ ಇರಬೇಕು, ಉದ್ದ ಅಳೆದರೆ ಹೆಸರು ಸಿಗುತ್ತದೆ ಅಂದುಕೊಂಡಿದ್ದೆ. ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಓದುವ ಅಣ್ಣನ ಮಗಳು ಕೇಳಿ ನಕ್ಕಳು. "ಚಿಕ್ಕಪ್ಪಾ, ಬರೀ ಜರಡಿ ಹಿಡಿದು ಅರೇಬಿಕಾ ಯಾವುದು ರೋಬಸ್ಟಾ ಯಾವುದು ಅಂತ ಹೇಳಕ್ಕಾಗುತ್ತಾ?" ಅಂದಳು. ಸುಮ್ಮನಾದೆ. ಅಷ್ಟರಲ್ಲಿ ಕ್ಯಾಲಿಪರ್ ದುಡ್ಡು ಕಟ್ಟಿ ಆಗಿತ್ತು.

ಮೊದಲ ಭಾನುವಾರವೇ ಎಡವಟ್ಟು. ಜೇಬಿನಲ್ಲಿ ಗುಂಡಿ ಒತ್ತಿಹೋಗಿ ಅಳತೆ ಇಂಚಿಗೆ ತಿರುಗಿತ್ತು. 3.08 ಅಂತ ತೋರಿಸಿದ್ದನ್ನು ಸೆಂಟಿಮೀಟರ್ ಅಂತ ಬರೆದುಕೊಂಡೆ. ಹೀಗೆ ಹನ್ನೊಂದು ಚಿಪ್ಪು. ಅಂಗೈಯಗಲದ ಚಿಪ್ಪು ಮೂರೇ ಸೆಂಟಿಮೀಟರ್ ಹೇಗಾಯಿತು ಅಂತ ಹೊಳೆದದ್ದು ಮನೆಗೆ ಬಂದ ಮೇಲೆ! ಲೆಕ್ಕ ಬರೆಯುವವನ ಗತಿ ಇದು. ಇನ್ನೊಂದು ತೊಂದರೆ, ಇದರ ದವಡೆ ಪ್ಲಾಸ್ಟಿಕ್. ಸ್ವಲ್ಪ ಜಾಸ್ತಿ ಒತ್ತಿದರೆ ಬಾಗುತ್ತದೆ. ಅದೇ ಚಿಪ್ಪನ್ನು ಮೂರು ಸಲ ಅಳೆದರೆ 78.2, 77.9, 78.4 ಮಿಲಿಮೀಟರ್. ಆಫ್ ಮಾಡಿಟ್ಟರೂ ಬ್ಯಾಟರಿ ಇಳಿಯುತ್ತದೆ. ಒಣಗಿದ ಹಳೇ ಚಿಪ್ಪಿನ ಅಂಚು ಪ್ಲಾಸ್ಟಿಕ್ ದವಡೆಗೆ ಸಿಕ್ಕರೂ ಒಡೆಯುವುದಿಲ್ಲ, ಅದೊಂದು ಸಮಾಧಾನ.

ಅಳತೆ ಪೂರ್ತಿ ದಂಡ ಅಂತ ಅಲ್ಲ. ಉದ್ದಕ್ಕೆ ಎತ್ತರ ಎಷ್ಟು ಅಂತ ನೋಡಿದರೆ ಒಂದು ಅಂದಾಜು ಸಿಗುತ್ತದೆ. ನನಗೆ ಸಿಗುವುದು ಎರಡು ಕುಲದವು, ಅಂದರೆ ಹತ್ತಿರದ ಜಾತಿಗಳ ಎರಡು ಗುಂಪು: ಲ್ಯಾಮೆಲಿಡೆನ್ಸ್ ಉದ್ದುದ್ದ, ಪ್ಯಾರೇಸಿಯಾ ಗಿಡ್ಡ, ದುಂಡು. ಆದರೆ ಒಂದೇ ಜಾತಿಯ ಚಿಪ್ಪು ಕೆರೆಯಲ್ಲಿ ಒಂದು ಥರ, ಹರಿಯುವ ಹೊಳೆಯಲ್ಲಿ ಇನ್ನೊಂದು ಥರ ಬೆಳೆಯಬಹುದು. ಆಕಾರ ನೋಡಿ ಹಿಂದಿನವರು ಒಂದೇ ಜಾತಿಗೆ ಹತ್ತಾರು ಹೆಸರು ಇಟ್ಟದ್ದೂ ಉಂಟು. ಅದನ್ನು ಬಿಡಿಸುವ ಕೆಲಸ ಈಗ ಡಿಎನ್‌ಎ ಮಾಡುತ್ತಿದೆ.

ಈಗ ಲೆನ್ಸ್. ಅದನ್ನು ಚಿಪ್ಪಿನ ಮೇಲೆ ಹಿಡಿದು ದೂರದಿಂದ ನೋಡಬೇಡಿ. ಕಣ್ಣಿಗೆ ಒತ್ತಿದ ಹಾಗೆ ಇಟ್ಟುಕೊಂಡು ಚಿಪ್ಪನ್ನೇ ಹತ್ತಿರ ತನ್ನಿ. ನೋಡಬೇಕಾದ್ದು ಒಳಗಿನ ಕೀಲು. ನನ್ನ 78 ಮಿಲಿಮೀಟರಿನದರ ಎಡಗಡೆಯ ಚಿಪ್ಪಿನಲ್ಲಿ ಕೀಲಿನ ಉದ್ದಕ್ಕೂ ಚಾಕುವಿನ ಬಾಯಿಯಂಥ ಎರಡು ತೆಳ್ಳನೆ ಏಣು. ಬಲಗಡೆಯ ಚಿಪ್ಪಿನಲ್ಲಿ ಒಂದೇ ಏಣು, ಅದು ಈ ಎರಡರ ನಡುವೆ ಬಂದು ಕೂರುತ್ತದೆ. ಕಟ್ಟಿಗೆ ಕೆಲಸದವರು ಒಂದು ಹಲಗೆಯ ಏಣನ್ನು ಇನ್ನೊಂದರ ಸೀಳಿನಲ್ಲಿ ಕೂರಿಸಿ ಜೋಡಿಸಿದ ಹಾಗೆ. ಈ ಏಣುಗಳಿಗೇ ಹಲ್ಲು ಅನ್ನುತ್ತಾರೆ. ಲ್ಯಾಮೆಲಿಡೆನ್ಸ್ ಅಂದರೆ ತಗಡಿನಂಥ ಹಲ್ಲು ಅಂತಲೇ ಅರ್ಥವಂತೆ. ಎಲ್ಲಿ ನೋಡಬೇಕು ಅಂತ ಹೆಸರೇ ಹೇಳುತ್ತಿತ್ತು! ಈ ಕುಲದ ಮಾರ್ಜಿನಾಲಿಸ್ ಅನ್ನುವ ಜಾತಿಗೆ ಫ್ರಾನ್ಸಿನ ಜೀವವಿಜ್ಞಾನಿ ಲಾಮಾರ್ಕ್ 1819ರಲ್ಲೇ ಹೆಸರಿಟ್ಟಿದ್ದಾನೆ.

41 ಮಿಲಿಮೀಟರಿನ ಗಿಡ್ಡ ಚಿಪ್ಪಿನ ಕೀಲಿನ ಮುಂದಿನ ಹಲ್ಲು ದವಡೆ ಹಲ್ಲಿನ ಹಾಗೆ ದಪ್ಪ, ಮೇಲೆ ಗೀರು. ಹೊರಗಡೆ ನೆತ್ತಿಯ (ಕೀಲಿನ ಮೇಲಿನ ಉಬ್ಬಿದ ಭಾಗದ) ಹತ್ತಿರ ಸೀರೆ ಅಂಚಿನಂಥ ಅಂಕುಡೊಂಕು ಗೆರೆಗಳು. ಪ್ಯಾರೇಸಿಯಾ. ಬಹುತೇಕ ಚಿಪ್ಪುಗಳಲ್ಲಿ ಈ ನೆತ್ತಿಯೇ ಸವೆದು ಬೋಳಾಗಿರುತ್ತದೆ. ನನಗೆ ಗೆರೆ ಸರಿಯಾಗಿ ಕಂಡದ್ದು ಎಂಟನೆಯದರಲ್ಲಿ, ಅದೂ ಇನ್ನೂ ಎಳೆಯದು. ನಾನು ಎತ್ತುವುದು ಖಾಲಿ ಚಿಪ್ಪು ಮಾತ್ರ. ಬದುಕಿದ್ದರ ಕೀಲು ನೋಡಬೇಕೆಂದರೆ ಬಲವಂತವಾಗಿ ಬಾಯಿ ಬಿಡಿಸಬೇಕು, ಅಲ್ಲಿಗೆ ಅದರ ಕಥೆ ಮುಗಿಯಿತು.

ಕ್ಯಾಲಿಪರ್ ಪೂರ್ತಿ ಸೋಲುವ ಕಪ್ಪೆಚಿಪ್ಪೊಂದು ನಮ್ಮ ಮಲೆನಾಡಿನಲ್ಲೇ ಇದೆ. ಭದ್ರಾ ಹೊಳೆಯ ಕಡೆಯದು, ಹೆಸರು ಸ್ಯೂಡೊಮುಲ್ಲೇರಿಯಾ ಡಾಲಿ, ಸ್ಮಿತ್ ಎಂಬವರು ವಿವರಿಸಿದ್ದು 1898ರಲ್ಲಿ. ಅದು ಬಂಡೆಗೆ ಸಿಮೆಂಟ್ ಹಾಕಿದ ಹಾಗೆ ಅಂಟಿಕೊಂಡು ಬೆಳೆಯುತ್ತದೆ. ಕೂತ ಬಂಡೆ ಹೇಗೋ ಚಿಪ್ಪೂ ಹಾಗೆ. ಏನಂತ ಅಳೆಯುವುದು? ದಕ್ಷಿಣ ಅಮೆರಿಕ, ಆಫ್ರಿಕಾದಲ್ಲಿ ಹೀಗೇ ಅಂಟಿಕೊಳ್ಳುವವು ಇವೆ, ಇದೂ ಅವುಗಳ ಬಳಗವೇ ಅಂದುಕೊಂಡಿದ್ದರು. 2000ದಲ್ಲಿ ಡಿಎನ್‌ಎ ನೋಡಿದಾಗ ನಮ್ಮ ಲ್ಯಾಮೆಲಿಡೆನ್ಸ್, ಪ್ಯಾರೇಸಿಯಾ ಇರುವ ಯೂನಿಯನಿಡೇ ಕುಟುಂಬದ್ದು ಅಂತ ಗೊತ್ತಾಯಿತು. ನನ್ನ 220 ರೂಪಾಯಿಯ ಲೆನ್ಸಿಗೆ ಅಷ್ಟು ದೂರದ ನೆಂಟಸ್ತಿಕೆ ಕಾಣುವುದಿಲ್ಲ ಬಿಡಿ. ಲ್ಯಾಮೆಲಿಡೆನ್ಸ್‌ನೊಳಗೇ ಮಾರ್ಜಿನಾಲಿಸ್ ಯಾವುದು, ಕೊರಿಯಾನಸ್ ಯಾವುದು ಅನ್ನುವಲ್ಲಿಗೇ ನಾನು ಇನ್ನೂ ತಡವರಿಸುತ್ತೇನೆ.

ಲೆನ್ಸಿಗೆ ಐದಕ್ಕೆ ಐದು. ಒಂದು ಸಲ ನೀರಿಗೆ ಬಿದ್ದರೂ ಮಂಜಾಗಲಿಲ್ಲ. ಕ್ಯಾಲಿಪರಿಗೆ ಎರಡೂವರೆ. ಅಳೆಯಲೇಬೇಕು ಅನ್ನುವವರು ಇನ್ನೊಂದಿಷ್ಟು ದುಡ್ಡು ಹಾಕಿ ಬ್ಯಾಟರಿ ಇಲ್ಲದ, ಗೆರೆ ನೋಡಿ ಓದುವ ಸ್ಟೀಲ್ ವರ್ನಿಯರ್ ಕ್ಯಾಲಿಪರ್ ತಗೊಳ್ಳಿ. ಲೆನ್ಸನ್ನು ಅಣ್ಣನ ಮಗಳು ಕಾಲೇಜಿಗೆ ಒಯ್ದಿದ್ದಾಳೆ, ನಾನು ಇನ್ನೊಂದು ಆರ್ಡರ್ ಮಾಡಿದ್ದೇನೆ. ಕ್ಯಾಲಿಪರ್ ಆಫೀಸಿನ ಡ್ರಾಯರ್‌ನಲ್ಲಿದೆ, ಬ್ಯಾಟರಿ ತೆಗೆದಿಟ್ಟಿದ್ದೇನೆ.