ಏರ್ ಇಂಟೇಕ್ ಕಿಟ್: ಪೈಪ್ ಕೂತಿತು ಅಂದ್ರೆ ಕೆಲಸ ಮುಗೀತು ಅಂತಲ್ಲ

ಕಾರಿಗೆ ಹೊರಗಿನ ಏರ್ ಇಂಟೇಕ್ ಕಿಟ್ (ಎಂಜಿನ್‌ಗೆ ಗಾಳಿ ಹೋಗುವ ಪೈಪ್ ಮತ್ತು ಫಿಲ್ಟರ್) ತಂದು ಮನೆಯಲ್ಲೇ ಹಾಕಿಕೊಳ್ಳೋಣ ಅಂತ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಹಾಕಿಕೊಂಡೆ. ಚೆನ್ನಾಗಿ ಓಡುತ್ತಿದ್ದ ಪೆಟ್ರೋಲ್ ಎಂಜಿನ್ ನಾಲ್ಕೇ ತಿಂಗಳಲ್ಲಿ ಆಯಿಲ್ ಕುಡಿಯೋದಕ್ಕೆ ಶುರು ಮಾಡಿತು. ತಪ್ಪು ಕಿಟ್‌ನದೂ ಇತ್ತು, ನನ್ನದೂ ಇತ್ತು. ಎರಡನ್ನೂ ಮುಚ್ಚಿಡದೆ ಹೇಳುತ್ತೇನೆ.

ಹಾಕುವ ಕೆಲಸ ನಿಜಕ್ಕೂ ಸುಲಭ. ಜನ ಮೋಸ ಹೋಗುವುದೇ ಇಲ್ಲಿ. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿದೆ, ಕಂಪನಿಯ ಏರ್ ಬಾಕ್ಸ್, ಅಂದರೆ ಫಿಲ್ಟರ್ ಇರುವ ಡಬ್ಬ, ತೆಗೆದೆ, ಅದರ ಹಿಂದಿನ ಪೈಪಿನಿಂದ ಎರಡು ಪುಟ್ಟ ಸ್ಕ್ರೂ ಬಿಚ್ಚಿ, ಒಳಹೋಗುವ ಗಾಳಿ ಎಷ್ಟು ಅಂತ ಅಳೆಯುವ ಏರ್ ಫ್ಲೋ ಸೆನ್ಸರ್ ಹೊರಗೆ ತೆಗೆದೆ. ಅದನ್ನು ಹೊಸ ಅಲ್ಯೂಮಿನಿಯಂ ಪೈಪಿಗೆ ಕೂರಿಸಿ, ಸಿಲಿಕೋನ್ ಜಾಯಿಂಟ್ ಹಾಕಿ, ಕ್ಲಾಂಪ್ ಬಿಗಿದು, ತುದಿಗೆ ಎಣ್ಣೆ ಹಚ್ಚಿದ ಹತ್ತಿಯ ಕೋನ್ ಫಿಲ್ಟರ್ ಸಿಕ್ಕಿಸಿದೆ. ಎರಡು ಗಂಟೆಯೂ ಆಗಲಿಲ್ಲ. ಕಿಟ್ ನನ್ನ ಕಾರಿಗೆಂದೇ ಮಾಡಿದ್ದಲ್ಲ, ಹಲವು ಕಾರುಗಳಿಗೆ ಆಗುತ್ತೆ ಅಂತ ಡಬ್ಬದ ಮೇಲೆ ಬರೆದಿತ್ತು. ಪೈಪ್ ಸರಿಯಾಗಿ ಕೂತಿತಲ್ಲ, ಇನ್ನೇನು ಅಂದುಕೊಂಡೆ.

ಶಬ್ದ ಮಾತ್ರ ಬಹಳ ಚೆನ್ನಾಗಿತ್ತು. ಆಕ್ಸಿಲರೇಟರ್ ತುಳಿದರೆ ಗಾಳಿ ಎಳೆದುಕೊಳ್ಳುವ ಗಡಸು ಸದ್ದು ಒಳಗೇ ಕೇಳುತ್ತಿತ್ತು. ಕಾರು ಜೋರಾಗಿದೆ ಅಂತಲೇ ಅನಿಸಿತು. ಕಂಪನಿಯ ಪೈಪಿಗೆ ಅಂಟಿಕೊಂಡಿರುವ ಖಾಲಿ ಪ್ಲಾಸ್ಟಿಕ್ ಡಬ್ಬಿಗಳು ಇರುವುದೇ ಆ ಸದ್ದನ್ನು ಅಡಗಿಸೋಕೆ ಅಂತ ಆಮೇಲೆ ಗೊತ್ತಾಯಿತು. ಅವನ್ನು ತೆಗೆದರೆ ಸದ್ದು ಹೊರಗೆ ಬರುತ್ತೆ, ಪವರ್ ಬರಲ್ಲ. ಮೈಲೇಜ್ ಜಾಸ್ತಿ ಆಗುತ್ತೆ ಅನ್ನೋದನ್ನೂ ನಂಬಬೇಡಿ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು ಏರ್ ಫಿಲ್ಟರಿಗೂ ಮೈಲೇಜಿಗೂ ಇರುವ ಸಂಬಂಧವನ್ನು ಪರೀಕ್ಷೆ ಮಾಡಿ 2009ರಲ್ಲಿ ವರದಿ ಕೊಟ್ಟಿದ್ದರು. ಈಗಿನ ಫ್ಯೂಯಲ್ ಇಂಜೆಕ್ಷನ್ ಕಾರುಗಳಲ್ಲಿ ಫಿಲ್ಟರ್ ಕಟ್ಟಿಕೊಂಡಿದ್ದರೂ ಮೈಲೇಜ್ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ, ಪಿಕಪ್ ಮಾತ್ರ ಕಡಿಮೆಯಾಯಿತು. ಕಟ್ಟಿಕೊಂಡ ಫಿಲ್ಟರಿನಿಂದಲೇ ಮೈಲೇಜ್ ಇಳಿಯಲ್ಲ ಅಂದಮೇಲೆ ಸಲೀಸಾಗಿ ಗಾಳಿ ಬಿಡೋ ಫಿಲ್ಟರಿನಿಂದ ಅದು ಹೇಗೆ ಏರುತ್ತೆ?

ಒಂಬತ್ತನೇ ದಿನ ಚೆಕ್ ಎಂಜಿನ್ ಲೈಟ್ ಹತ್ತಿತು. ಸಿಗ್ನಲ್‌ನಲ್ಲಿ ನಿಂತಾಗ ಆರ್‌ಪಿಎಂ ಮೇಲೆ ಕೆಳಗೆ ಆಡುತ್ತಿತ್ತು. ಸ್ಕ್ಯಾನರ್ ಹಾಕಿದರೆ ಪಿ0171 ಅನ್ನೋ ದೋಷದ ಕೋಡ್ ಬಂತು, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಹೋಗುತ್ತಿಲ್ಲ. ಎಲ್ಲೋ ಗಾಳಿ ಸೋರುತ್ತಿದೆ ಅಂತ ಮೂರು ದಿನ ಕ್ಲಾಂಪ್‌ಗಳನ್ನೇ ಬಿಗಿಯುತ್ತಾ ಕೂತೆ. ಸೋರಿಕೆ ಇರಲಿಲ್ಲ. ಕೊನೆಗೆ ಹಳೆ ಪೈಪ್ ತಂದು, ಸೆನ್ಸರ್ ಕೂರುವ ಜಾಗದಲ್ಲಿ ಒಳಗಿನ ಅಗಲ ಅಳೆದೆ. ಹಳೆಯದು 70 ಮಿಲಿಮೀಟರ್, ಹೊಸದು 76. ಬರೀ 6 ಮಿಲಿಮೀಟರ್ ತಾನೇ ಅನ್ನಬೇಡಿ, ಒಳಗಿನ ಜಾಗ ಲೆಕ್ಕ ಹಾಕಿದರೆ ಸುಮಾರು 18 ಶೇಕಡಾ ಜಾಸ್ತಿ.

ಇದು ಯಾಕೆ ಮುಖ್ಯ ಅಂದರೆ, ಆ ಸೆನ್ಸರ್ ಪೈಪಿನಲ್ಲಿ ಹೋಗುವ ಗಾಳಿಯನ್ನೆಲ್ಲ ಹಿಡಿದು ತೂಗುವುದಿಲ್ಲ. ಬಿಸಿ ಮಾಡಿಟ್ಟ ಒಂದು ಸಣ್ಣ ತಂತಿ ಅಥವಾ ಪದರದ ಮೇಲೆ ಹಾಯುವ ಸ್ವಲ್ಪ ಗಾಳಿಯನ್ನು ನೋಡಿ, ಪೈಪ್ ಇಷ್ಟೇ ಅಗಲ ಇದೆ ಅನ್ನೋ ನಂಬಿಕೆಯ ಮೇಲೆ ಎಂಜಿನ್ ಕಂಪ್ಯೂಟರ್ ಒಟ್ಟು ಗಾಳಿಯ ಲೆಕ್ಕ ಹಾಕುತ್ತದೆ. ಪೈಪ್ ಅಗಲ ಆದರೆ ಗಾಳಿ ನಿಧಾನವಾಗಿ ಹಾಯುತ್ತದೆ, ಕಂಪ್ಯೂಟರ್ ಗಾಳಿ ಕಡಿಮೆ ಇದೆ ಅಂದುಕೊಂಡು ಪೆಟ್ರೋಲ್ ಕಡಿಮೆ ಹಾಕುತ್ತದೆ. 1 ಕಿಲೋ ಪೆಟ್ರೋಲ್ ಸರಿಯಾಗಿ ಉರಿಯೋಕೆ ಸುಮಾರು 14.7 ಕಿಲೋ ಗಾಳಿ ಬೇಕು. ಆ ಹದ ತಪ್ಪಿದ್ದನ್ನು ಸೈಲೆನ್ಸರ್ ಕಡೆಯ ಆಕ್ಸಿಜನ್ ಸೆನ್ಸರ್ ಗುರುತಿಸುತ್ತದೆ, ಅದನ್ನು ನೋಡಿ ಕಂಪ್ಯೂಟರ್ ಪೆಟ್ರೋಲ್ ಸೇರಿಸುತ್ತಾ ಹೋಗುತ್ತದೆ, ಅದನ್ನೇ ಫ್ಯೂಯಲ್ ಟ್ರಿಮ್ ಅನ್ನೋದು. ಸಾಮಾನ್ಯವಾಗಿ ಅದು ಸೊನ್ನೆಯಿಂದ ಆಚೆ ಈಚೆ 5 ಶೇಕಡಾ ಒಳಗೆ ಇದ್ದರೆ ಚೆಂದ. ನನ್ನದು 20 ದಾಟಿತ್ತು. ಅಗಲದ ಲೆಕ್ಕದ ಮೇಲೂ ಇನ್ನೊಂದಿಷ್ಟು ಬರುತ್ತಿತ್ತು, ಅದು ಎಲ್ಲಿಂದ ಅಂತ ನೋಡಿದರೆ ಫಿಲ್ಟರಿನ ಎಣ್ಣೆ. ಸೆನ್ಸರ್ ಬಿಚ್ಚಿದಾಗ ಆ ಸೂಕ್ಷ್ಮ ಭಾಗದ ಮೇಲೆ ತೆಳ್ಳಗೆ ಎಣ್ಣೆ ಕೂತು ಧೂಳು ಮೆತ್ತಿಕೊಂಡಿತ್ತು. ಅದನ್ನು ಒರೆಸಬಾರದು, ಬ್ರೇಕ್ ಕ್ಲೀನರ್ ಹೊಡೆಯಲೂಬಾರದು. ಏರ್ ಫ್ಲೋ ಸೆನ್ಸರಿಗೆಂದೇ ಸಿಗುವ ಸ್ಪ್ರೇ ಹೊಡೆದು, ತಾನಾಗಿ ಒಣಗೋಕೆ ಬಿಡಬೇಕು.

ಮಾರಿದವರನ್ನು ಕೇಳಿದೆ. "ಸ್ವಲ್ಪ ದಿನ ಓಡಿಸಿ, ಕಂಪ್ಯೂಟರ್ ಕಲ್ತುಕೊಳ್ಳುತ್ತೆ" ಅಂದರು. ನಂಬಿದೆ. ಸ್ಕ್ಯಾನರಿನಲ್ಲಿ ಕೋಡ್ ಅಳಿಸಿದೆ. ಮತ್ತೆ ಬಂತು, ಮತ್ತೆ ಅಳಿಸಿದೆ. ಕಂಪ್ಯೂಟರ್ ಕಲಿಯುತ್ತೆ ನಿಜ, ಆದರೆ ಅದಕ್ಕೂ ಒಂದು ಮಿತಿ ಇದೆ, ಆ ಮಿತಿ ಮುಟ್ಟಿದೆ ಅಂತ ಹೇಳೋಕೇ ಲೈಟ್ ಹತ್ತೋದು. ನಾನು ಮಾಡಿದ ಅತಿ ದೊಡ್ಡ ತಪ್ಪು ಇದೇ. ಮೂರನೇ ಸಲ ಲೈಟ್ ಹತ್ತಿದಾಗ ಕಾರಣ ಬೇರೆ ಇತ್ತು, ನಾನು ಹಳೆಯದೇ ಅಂತ ಬಿಟ್ಟೆ.

ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ ಅಲ್ವಾ, ಗೇರ್ ಬದಲಿಸಿದಾಗ, ಒಮ್ಮೆಲೇ ಆಕ್ಸಿಲರೇಟರ್ ತುಳಿದಾಗ ಅದು ಹಿಂದೆ ಮುಂದೆ ಅಲುಗುತ್ತದೆ. ಕಂಪನಿಯ ಪೈಪಿನಲ್ಲಿ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾದ ರಬ್ಬರ್ ಭಾಗ ಇರೋದು ಆ ಅಲುಗಾಟ ತಡೆದುಕೊಳ್ಳೋಕೆ. ನನ್ನ ಹೊಸ ಪೈಪ್ ಗಟ್ಟಿ ಲೋಹ, ಅದನ್ನು ಕಾರಿನ ಬಾಡಿಯ ಜೊತೆ ಹಿಡಿದು ನಿಲ್ಲಿಸುವ ಬ್ರಾಕೆಟ್ ನನ್ನ ಕಾರಿನ ಯಾವ ಬೋಲ್ಟಿಗೂ ಸೇರಲಿಲ್ಲ, ಹಾಗಾಗಿ ಹಾಕದೆ ಬಿಟ್ಟಿದ್ದೆ. ಎಂಜಿನ್ ಅಲುಗಿದಾಗಲೆಲ್ಲ ಫಿಲ್ಟರ್ ಬ್ಯಾಟರಿ ಟ್ರೇಗೆ ತಾಗಿ ತಾಗಿ, ಎಣ್ಣೆಯ ಜಾರಿಕೆಯೂ ಸೇರಿ, ಕ್ಲಾಂಪ್ ಬಿಗಿಯಾಗೇ ಇದ್ದರೂ ಅದು ಪೈಪಿನಿಂದ ಅರ್ಧ ಜಾರಿಬಿಟ್ಟಿತ್ತು. ಕೆಳಗಡೆ ಬೆರಳು ತೂರುವಷ್ಟು ಸಂದು. ಮೇಲಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ. ವೈಪರ್ ನೀರು ತುಂಬೋಕೆ ಬಾನೆಟ್ ಎತ್ತಿದ ದಿನ ಕೈ ತಾಗಿ ಫಿಲ್ಟರ್ ಕಳಚಿ ಬಿತ್ತು. ಪೈಪಿನೊಳಗೆ ಬೆರಳಾಡಿಸಿದರೆ ನುಣ್ಣನೆ ಮಣ್ಣು.

ಎಷ್ಟು ದಿನದಿಂದ ಹಾಗಿತ್ತೋ ನನಗೆ ಗೊತ್ತಿಲ್ಲ. ಆ ತಿಂಗಳುಗಳಲ್ಲಿ ದಿನಾ ಮಣ್ಣಿನ ರಸ್ತೆಯಲ್ಲೇ ಓಡಾಟ. ಮೆಕ್ಯಾನಿಕ್ ಪೈಪ್ ನೋಡಿದ ತಕ್ಷಣ ಕೇಳಿದ್ದು ಒಂದೇ ಮಾತು: "ಫಿಲ್ಟರ್ ಜಾರಿ ಎಷ್ಟು ದಿನ ಆಯ್ತು ಸಾರ್?" ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ನೋಡಿದಾಗ ಎರಡು ಸಿಲಿಂಡರ್ ಉಳಿದೆರಡಕ್ಕಿಂತ ಇಳಿದಿದ್ದವು. ಧೂಳಿನಲ್ಲಿರುವ ಸಣ್ಣ ಮರಳಿನ ಕಣ ಪಿಸ್ಟನ್ ರಿಂಗ್ ಮತ್ತು ಸಿಲಿಂಡರ್ ಗೋಡೆಯ ನಡುವೆ ಸಿಕ್ಕಿ ಎರಡನ್ನೂ ಉಜ್ಜುತ್ತದೆ, ಒಮ್ಮೆ ಸವೆದರೆ ಎಂಜಿನ್ ಬಿಚ್ಚದೆ ಬೇರೆ ದಾರಿ ಇಲ್ಲ. ಈಗ 1000 ಕಿಲೋಮೀಟರಿಗೆ ಹತ್ತಿರ ಹತ್ತಿರ ಅರ್ಧ ಲೀಟರ್ ಆಯಿಲ್ ಹಾಕುತ್ತಿದ್ದೇನೆ. ಹಳೆ ಏರ್ ಬಾಕ್ಸ್ ಮತ್ತೆ ಹಾಕಿದ ಮೇಲೆ ಟ್ರಿಮ್ 3ಕ್ಕೆ ಇಳಿಯಿತು, ಲೈಟ್ ಮತ್ತೆ ಹತ್ತಿಲ್ಲ. ಸವೆದದ್ದು ಮಾತ್ರ ವಾಪಸ್ ಬರಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಬಿಸಿ ಗಾಳಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಸುತ್ತ ಡಬ್ಬ ಇಲ್ಲದ ಬರೀ ಕೋನ್ ಫಿಲ್ಟರ್ ಎಂಜಿನ್ ಪಕ್ಕದ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಹೊರಗೆ 28 ಡಿಗ್ರಿ ಇದ್ದಾಗ, ಟ್ರಾಫಿಕ್‌ನಲ್ಲಿ ನಿಂತು ನಿಂತು ಹೋಗುವಾಗ, ಸ್ಕ್ಯಾನರಿನಲ್ಲಿ ಒಳಹೋಗುವ ಗಾಳಿ 61 ಡಿಗ್ರಿ ತೋರಿಸಿದ್ದನ್ನು ನಾನೇ ನೋಡಿದ್ದೇನೆ. ಗಾಳಿ ಅಷ್ಟು ಬಿಸಿಯಾದರೆ ಸುಮಾರು 10 ಶೇಕಡಾ ತೆಳುವಾಗುತ್ತದೆ. ಪವರ್‌ಗಾಗಿ ಹಾಕಿದ್ದೇ ಪವರ್ ಕದ್ದ ಹಾಗೆ. ಇದಕ್ಕೆ ಪರಿಹಾರ ಅಂತ ಕೆಲವರು ಉದ್ದ ಪೈಪ್ ಹಾಕಿ ಫಿಲ್ಟರನ್ನು ಬಂಪರ್ ಹಿಂದೆ ಕೆಳಕ್ಕೆ ಇಳಿಸುತ್ತಾರೆ. ಅದು ಇನ್ನೂ ಅಪಾಯ. ಮಳೆನೀರು ನಿಂತ ಕಡೆ ಫಿಲ್ಟರ್ ಮುಳುಗಿದರೆ ನೀರು ನೇರ ಸಿಲಿಂಡರಿಗೆ ಹೋಗುತ್ತದೆ. ಗಾಳಿಯನ್ನು ಒತ್ತಿದ ಹಾಗೆ ನೀರನ್ನು ಒತ್ತೋಕೆ ಆಗಲ್ಲ, ಪಿಸ್ಟನ್ ಮೇಲೆ ಬಂದಾಗ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ನೀರಲ್ಲಿ ಎಂಜಿನ್ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡೋಕೆ ಹೋಗಲೇಬೇಡಿ, ತಳ್ಳಿಕೊಂಡು ಹೊರಗೆ ತನ್ನಿ.

ಹಾಕಲೇಬೇಕು ಅನ್ನುವವರು ನಿಮ್ಮದೇ ಮಾಡೆಲ್, ನಿಮ್ಮದೇ ಎಂಜಿನ್‌ಗೆ ಅಂತ ಮಾಡಿದ ಕಿಟ್ ಮಾತ್ರ ತಗೊಳ್ಳಿ. ಸೆನ್ಸರ್ ಕೂರುವ ಜಾಗದ ಒಳ ಅಗಲವನ್ನು ಹಳೆ ಪೈಪಿನ ಜೊತೆ ಅಳೆದು ನೋಡಿ, ಸೆನ್ಸರಿನ ಮೇಲಿನ ಬಾಣದ ಗುರುತು ಎಂಜಿನ್ ಕಡೆಗೇ ಇರಲಿ. ಬ್ರಾಕೆಟ್ ಕೂರದಿದ್ದರೆ ಅಲ್ಲಿಗೇ ನಿಲ್ಲಿಸಿ, ಹಳೆಯದನ್ನೇ ವಾಪಸ್ ಹಾಕಿ. ಹಳೆ ಏರ್ ಬಾಕ್ಸ್, ಅದರ ಕ್ಲಿಪ್, ಸ್ಕ್ರೂ ಒಂದನ್ನೂ ಎಸೆಯಬೇಡಿ, ನನ್ನನ್ನು ಅಷ್ಟಾದರೂ ಉಳಿಸಿದ್ದು ಅದೇ.

ಈಗಾಗಲೇ ಹಾಕಿಕೊಂಡು ಓಡಿಸುತ್ತಿರುವವರು ಇವತ್ತೇ ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಬಾನೆಟ್ ಎತ್ತಿ. ಫಿಲ್ಟರನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಅದು ಸ್ವಲ್ಪವೂ ಅಲ್ಲಾಡಬಾರದು. ಕೆಳಭಾಗ ಕಾಣದಿದ್ದರೆ ಮೊಬೈಲ್ ಕೆಳಗೆ ತೂರಿಸಿ ಫೋಟೋ ತೆಗೆಯಿರಿ. ಆಮೇಲೆ ಫಿಲ್ಟರ್ ಬಿಚ್ಚಿ, ಸೆನ್ಸರಿಗೆ ತಾಗದ ಹಾಗೆ ಪೈಪಿನ ಒಳಗೋಡೆಯನ್ನು ಬಿಳಿ ಬಟ್ಟೆಯಲ್ಲಿ ಒಮ್ಮೆ ಒರೆಸಿ. ಬಟ್ಟೆಗೆ ಮಣ್ಣು ಹತ್ತಿದರೆ ಆ ಕಾರನ್ನು ಹಾಗೇ ಓಡಿಸಬೇಡಿ.